ಆಫ್ರಿಕಾದಿಂದ ಬಂದ ಪತ್ರಗಳು

ನೈಲ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುವದು — ಒಳಗೆ ಮಕ್ಕಳು ಒಂದೇ ದನಿಯಲ್ಲಿ ಒದರುತ್ತಿವೆ, ನನ್ನ ಕೈ ಸಗಣಿಯಲ್ಲೇ ನಿಂತಿದೆ, ಈ ಮಾತು ನನ್ನದಲ್ಲವೇ, ನನ್ನ ಟ್ರಂಕಿನಲ್ಲಿ ಮಡಚಿಟ್ಟ ಮಾತಲ್ಲವೇ, ಇವಕ್ಕೆ ಹೇಗೆ ಸಿಕ್ಕಿತು, ನಾನು ಯಾರಿಗೂ ಓದಿ ಹೇಳಿಲ್ಲ, ಓದಿದ್ದರೂ ನೆರೆಮನೆಯ ಹುಸೇನಬೀಯ ಮುಂದೆ ಒಮ್ಮೆ, ಬಾವಿಯ ಕಟ್ಟೆಯ ಮೇಲೆ — ಅಲ್ಲಿಯ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ನಡೆದರೂ ಹನಿ ನೀರು ಸಿಗಲಾರದು, ಮತ್ತೆ ಅದೇ, ನನ್ನ ಗಂಡನ ಎರಡನೆಯ ಪತ್ರದ ಮೊದಲನೆಯ ಸಾಲು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಸರ್ಕಾರಿ ಶಾಲೆಯಲ್ಲಿ ಎಲ್ಲವೂ ಉರ್ದು ಎಂದು ಚಂದ್ರಾಮಪ್ಪ ಮಾಸ್ತರರು ಮುಂಜಾನೆ ತಮ್ಮ ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುತ್ತಾರೆ, ಅಂಗಳ ಸಾರಿಸುವುದು ನನ್ನ ಕೆಲಸ, ಎಷ್ಟೋ ಪಾಠ ಕಿವಿಯ ಮೇಲೆ ಬಿದ್ದು ಹೋಗಿವೆ, ಇಂದು ಮಾತ್ರ ಯಾಕೆ ಹೀಗೆ, ಕಾಂಗೋ ನದಿಯ ದಟ್ಟ ಕಾಡಿನಲ್ಲಿ ಕುಳ್ಳ ಜನರಿರುವರು, ಅವರು ಬಿಲ್ಲುಬಾಣದಲ್ಲಿ ನಿಪುಣರು, ಆ ಕುಳ್ಳ ಜನ ನನ್ನ ಗಂಡನಿಗೆ ಜಿಂಕೆಯ ಮಾಂಸ ಕೊಟ್ಟಿರಬಹುದೆಂದು ನಾನು ಎಷ್ಟು ಹರಸಿದ್ದೆ ಅವರನ್ನು, ಕಾಣದ ಊರಿನ ಕಾಣದ ಜನರನ್ನು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು.

ಯಾಕವಾ ತುಳಜಾಬಾಯಿ, ಮೈಯಾಗ ಹುಷಾರಿಲ್ಲೇನು, ಮಾಸ್ತರರು ಬಾಗಿಲಿಗೆ ಬಂದಿದ್ದಾರೆ, ಆ ಪುಸ್ತಕ ಒಂದೀಟು ಕೊಡ್ರಿ ಮಾಸ್ತರ್ರ, ಅನ್ನುತ್ತೇನೆ, ಕೈ ತೊಳಕೊಂಡು ಹಿಡಿಯವಾ, ಭೂಗೋಳದ್ದು, ಬಿಜಾಪುರದಿಂದ ತರಿಸೀನಿ, ಸೊಲ್ಲಾಪುರದಾಗೂ ಸಿಗ್ತದ, ಅನ್ನುತ್ತಾರೆ. ಸೊಲ್ಲಾಪುರ. ಮೂರು ವರ್ಷದ ಹಿಂದೆ ಮಿಲ್ಲಿನ ಕೆಲಸಕ್ಕೆಂದು ನನ್ನ ಗಂಡ ಹೋದದ್ದು ಅಲ್ಲಿಗೇ, ನಾಲ್ಕು ತಿಂಗಳಿಗೆ ನನ್ನ ಅಣ್ಣ ಸೈದಪ್ಪ ಬಂದು, ಅವನೂ ಅದೇ ಮಿಲ್ಲು, ಬೆವರು ಒರೆಸಿಕೊಳ್ಳುತ್ತ ಹೇಳಿದ್ದು, ಮಾವ — ನನ್ನವರನ್ನು ಅವನು ಕರೆಯುವುದು ಹಾಗೆ — ದಂಡಿಗೆ ಸೇರ್ಯಾನ ತಂಗಿ, ಹಡಗು ಹತ್ತಿ ಆಫ್ರಿಕಾಕ್ಕ ಹೋದ. ಆಮೇಲೆ ಪತ್ರಗಳು, ಒಟ್ಟು ಏಳು, ಎಲ್ಲವೂ ಅಣ್ಣನ ಕೈಯಲ್ಲೇ, ದಂಡಿನ ಟಪಾಲು ಸೊಲ್ಲಾಪುರತನಕ ಬರ್ತದ, ಈ ಕಡೆ ನಿಜಾಮರ ಮೊಗಲಾಯಿಗೆ ಬರಂಗಿಲ್ಲ, ಅಂದಿದ್ದ, ನಂಬಿದೆ, ಅವರ ಕೈಬರಹ ನಾನು ಯಾವಾಗ ಕಂಡಿದ್ದೆ, ತವರೂರು ಜಿಡಗಾದಲ್ಲಿ ಅಪ್ಪ ಮಳಲ ಮೇಲೆ ತಿದ್ದಿಸಿದ ಅಕ್ಷರ ನನ್ನದು, ಒಂದೊಂದೇ ಕೂಡಿಸಿ ಓದುತ್ತಿದ್ದೆ, ದಕ್ಷಿಣದಲ್ಲಿ ವಜ್ರದ ಗಣಿಗಳಿರುವವು, ಬಂಗಾರವೂ ಹೇರಳವಾಗಿ ಸಿಗುವದು, ಜಂಜೀಬಾರದ ಲವಂಗವು ಜಗತ್ಪ್ರಸಿದ್ಧವು, ಆ ಪತ್ರದ ಮಡಿಕೆಯಲ್ಲಿ ಒಂದು ಲವಂಗ ಬೇರೆ, ಅದನ್ನು ತಿಂಗಳುಗಟ್ಟಲೆ ಸೆರಗಿಗೆ ಕಟ್ಟಿಕೊಂಡು ಓಡಾಡಿದೆ. ಹುಸೇನಬೀ ಕೇಳಿದ್ದಳು, ಅವಳ ಮಗ ಖರೇನೇ ದಂಡಿನಲ್ಲಿದ್ದಾನೆ, ನನ್ನ ಮಗನ ಕಾಗದದಾಗ ಊರಿನ ಹೆಸರು ಬಂದ್ರ ಸಾಕು ದಂಡಿನವ್ರು ಮಸಿ ಬಳದಿರ್ತಾರಬೇ, ನಿನ್ನ ಗಂಡ ಹೊಳಿ ಗುಡ್ಡ ಎಲ್ಲಾ ಹೆಂಗ ಬರಿತಾನ, ನಾನು ಸಿಟ್ಟಿಗೆದ್ದೆ, ನಮ್ಮವ್ರಂದ್ರ ಸಾಹೇಬಗ ಭಾಳ ವಿಶ್ವಾಸ, ಅಂದೆ, ಎರಡು ವಾರ ಮಾತು ಬಿಟ್ಟೆ. ಪುಸ್ತಕದ ಹಾಳೆ ತಿರುವುತ್ತೇನೆ, ನದಿ, ಮರುಭೂಮಿ, ಕಾಡು, ಜನ, ಗಣಿ, ಬೆಳೆ, ನನ್ನ ಏಳೂ ಪತ್ರ ಅದೇ ಸರದಿಯಲ್ಲಿ ಮಲಗಿವೆ, ಪಾಠ ಮುಗಿಯಿತು, ಕಡೆಯ ಪತ್ರದಲ್ಲಿ ಇನ್ನು ನಮ್ಮನ್ನು ಆಸ್ಟ್ರೇಲಿಯಕ್ಕೆ ಕಳಿಸುವರಂತೆ ಎಂದಿತ್ತು — ಹಾಳೆ ಮಗುಚುತ್ತೇನೆ, ಮುಂದಿನ ಪಾಠ, ದಪ್ಪ ಅಕ್ಷರದಲ್ಲಿ, ಆಸ್ಟ್ರೇಲಿಯ.

ಒಂದು ಹಾಳೆ ಓದುತ್ತೇನೆ, ಎರಡು ಸಲ, ಮೂರು ಸಲ, ಬಾಯಿಗೆ ಬರುವವರೆಗೆ, ಪುಸ್ತಕ ಮಾಸ್ತರರ ಕೈಗಿಟ್ಟು, ಅಂಗಳ ಅರ್ಧಕ್ಕೇ ಬಿಟ್ಟು ಬಂದೆ, ಬಿಸಿಲು ನೆತ್ತಿಗೇರಿದೆ, ಕಾಲಿಗೆ ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ, ಮನೆಯ ಬಾಗಿಲು ತೆರೆದಿದೆ, ಅಣ್ಣ ಬಂದಿದ್ದಾನೆ, ಇಂದು ಬರುವುದಾಗಿ ಹೇಳಿ ಕಳಿಸಿದ್ದ, ಮರೆತೇಹೋಗಿತ್ತು. ಹಸಿದಂಗಾಗ್ಯದ ತಂಗಿ, ಅನ್ನುತ್ತಾನೆ, ರೊಟ್ಟಿ ಹಾಕುತ್ತೇನೆ, ಪುಂಡಿಪಲ್ಲೆ ಹಾಕುತ್ತೇನೆ, ನನ್ನ ಕೈಗಳು ತಮ್ಮ ಪಾಡಿಗೆ ತಾವು ಬಡಿಸುತ್ತವೆ, ಮಾವನ ಕಾಗದ ಬಂದದ, ಅಂಗಿಯ ಕಿಸೆ ತಟ್ಟಿಕೊಳ್ಳುತ್ತಾನೆ, ನೀನೇ ಓದಣ್ಣ ಇವತ್ತ, ನನ್ನ ಕಣ್ಣು ಮಂಜಾಗ್ಯಾವ, ಅನ್ನುತ್ತೇನೆ. ಎಡಗೈಯಲ್ಲಿ ಬಿಚ್ಚಿ ಓದುತ್ತಾನೆ, ಆಸ್ಟ್ರೇಲಿಯವು ಎಲ್ಲಕ್ಕೂ ಚಿಕ್ಕ ಖಂಡವು, ಇದರ ನಡುಭಾಗವು — ಇದರ ನಡುಭಾಗವು ಮರುಭೂಮಿಯು, ಅನ್ನುತ್ತೇನೆ ನಾನು, ಇಲ್ಲಿ ಕುರಿ ಸಾಕುವದು ಜನರ ಮುಖ್ಯ ಉದ್ಯೋಗವು, ಉಣ್ಣೆಯು ಪರದೇಶಗಳಿಗೆ ಹೋಗುವದು, ಮುಂದ ಹೇಳ್ಲೇನು ಅಣ್ಣ. ಅವನ ಬಾಯಲ್ಲಿಯ ತುತ್ತು ಅಲ್ಲೇ ನಿಂತಿತು. ಬಲಗೈಯ ನಡುಬೆರಳಿಗೆ, ಉಗುರಿನ ಪಕ್ಕಕ್ಕೆ, ನೀಲಿ ಮಸಿ. ತೊಳೆದರೂ ಹೋಗದ ಮಸಿ.

ಎಲ್ಲಿ ಹಾನ, ಹೇಳು, ಬೀರಣ್ಣ ಎಲ್ಲಿ ಹಾನ — ಮದುವೆಯಾದಾಗಿನಿಂದ ಗಂಡನ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ — ಅಣ್ಣ ತಲೆ ತಗ್ಗಿಸಿ, ಸೊಲ್ಲಾಪುರದಾಗೇ ಹಾನವಾ, ಎಲ್ಲೂ ಹೋಗಿಲ್ಲ, ಇನ್ನೊಬ್ಬಾಕಿನ್ನ ಮಾಡಿಕೊಂಡಾನ, ಒಂದು ಕೂಸೂ ಅದ, ನನ್ನ ಮಿಲ್ಲಿನ್ಯಾಗ ಕೆಲಸಕ್ಕ ಹಚ್ಚಿದಂವ ಅಂವನೇ, ಹೆಂಗ ಬಾಯಿ ಬಿಡ್ಲಿ, ಖರೆ ಹೇಳಿದ್ರ ನೀ ಬಾವಿ ಬೀಳ್ತಿದ್ದಿ, ಅದಕ್ಕ ಮಾಡೀನಿ ತಂಗಿ. ಹಾಗಾದರೆ ಸೊಲ್ಲಾಪುರ ಒಂದು ದಿನದ ಹಾದಿ, ಒಂದೇ ದಿನ, ಸಾಯುವಾಗ ಅತ್ತಿ, ಅವರವ್ವ, ಹದಿನೆಂಟು ದಿನ ಜೀವ ಹಿಡಿದುಕೊಂಡಿದ್ದಳಲ್ಲ, ನನ್ನ ಮಗ ಬಂದನೇನಬೇ, ನನ್ನ ಮಗ, ನಾನು ಅವಳ ಕಿವಿಯಲ್ಲಿ ಸಮುದ್ರ ದಾಟಬೇಕಲ್ಲವ್ವ ಎನ್ನುತ್ತಿದ್ದೆ, ನನ್ನ ಬಾಯಿಂದಲೇ ಆ ಸುಳ್ಳು ಹೇಳಿಸಿದಿರಲ್ಲ, ಇಬ್ಬರೂ ಕೂಡಿ. ಪುಸ್ತಕದಲ್ಲಿಲ್ಲದ ಸಾಲೊಂದು ಪ್ರತಿ ಪತ್ರದ ಕೊನೆಗೂ ಇರುತ್ತಿತ್ತು, ನೀನು ಹೊತ್ತಿಗೆ ಸರಿಯಾಗಿ ಉಣ್ಣು ತುಳಜಾ ಎಂದು, ಅದಷ್ಟಾದರೂ, ಅದಷ್ಟನ್ನು ಅವರು ಹೇಳಿ ಬರೆಸಿದರೇ, ಕೇಳುವುದಕ್ಕೆ ನಾಚಿಕೆ, ಆದರೂ ಕೇಳುತ್ತೇನೆ, ಅದೂ ನಾನೇ, ಅನ್ನುತ್ತಾನೆ ಅಣ್ಣ, ನೆಲ ನೋಡುತ್ತ. ಅವನ ಮುಂದಿನ ತಾಟು ಎಳೆದುಕೊಳ್ಳುತ್ತೇನೆ, ಏಳು, ಅನ್ನುತ್ತೇನೆ, ಉಣ್ಣುವವನ ಮುಂದಿನ ತಾಟು ಎಳೆದವಳಲ್ಲ ನಾನು, ಏಳು, ಅವನು ಏಳುವುದಿಲ್ಲ, ಎಂಜಲು ಕೈ ಹಾಗೇ ಹಿಡಿದುಕೊಂಡು ಕೂತಿದ್ದಾನೆ, ನಡುಬೆರಳಿಗೆ ಮಸಿ, ಅಂದೂ ಇತ್ತಲ್ಲ, ಅತ್ತಿಯ ಕಣ್ಣು ತೇಲಿದಾಗ ಮಗನ ಬದಲಿಗೆ ನಾ ನೀರು ಬಿಡ್ತೇನಿ ಎಂದು ಅಣ್ಣ ನೀರಲ್ಲಿ ಅದ್ದಿ ಅವಳ ಬಾಯಿಗೆ ಹನಿ ಬಿಟ್ಟದ್ದು ಅದೇ ಬೆರಳು, ಬೀರಣ್ಣಾ ಎಂದಳು, ಮಗನೇ ಎಂದು ತಿಳಿದು ಚೀಪಿದಳು, ಅಂದೇ ನಾನು ಕಂಡಿದ್ದೆ, ಕಂಡೂ ಕೇಳಲಿಲ್ಲ, ಒಣಗಿದ ತುಟಿಯ ಮೇಲೆ ನೀರು, ನೀರಿನಲ್ಲಿ ಬೆರಳು, ಬೆರಳಿಗೆ ನೀಲಿ ಮಸಿ, ನೀಲಿ ಮಸಿ —