ಮಜ್ಜಿಗೆ ಹಾಡಿನ ತಾಳ

ಬಿಸಿಲುಕಾಲ ಶುರುವಾಯಿತೆಂದರೆ ಮಜ್ಜಿಗೆಯಮ್ಮನ ಕಡೆಗೋಲಿಗೆ ಪುರುಸೊತ್ತಿಲ್ಲ. ಅಂದೂ ಬೆಳಕು ಹರಿಯುವ ಹೊತ್ತಿಗೆ ಅವಳು ಜಗಲಿಯ ಕಂಬಕ್ಕೆ ಕಡೆಗೋಲು ಸಿಕ್ಕಿಸಿ, ದೊಡ್ಡ ಮಡಕೆಯ ಮುಂದೆ ಕೂತು, ಹಗ್ಗದ ಎರಡು ತುದಿಗಳನ್ನೂ ಹಿಡಿದಿದ್ದಳು. ಎಡಗೈ ಎಳೆದರೆ ಕಡೆಗೋಲು ಸರ್ರನೆ ತಿರುಗುತ್ತಿತ್ತು. ಬಲಗೈಯ ಸರದಿ ಬಂದಾಗ ಒಂದು ಗಳಿಗೆ ತಡೆ. ಭುಜದೊಳಗೆ ಚಳುಕು ಎದ್ದು ಇಳಿಯುವ ತನಕ ಹಲ್ಲು ಕಚ್ಚಿಕೊಂಡಿದ್ದು ಆಮೇಲೆ ಎಳೆಯಬೇಕು. ಚಳಿಯಲ್ಲಿ ಹಿಡಿದ ನೋವು ಬಿಸಿಲಿಗೂ ಬಿಟ್ಟಿರಲಿಲ್ಲ.

ಅದನ್ನವಳು ಯಾರಿಗೂ ಹೇಳಿರಲಿಲ್ಲ. ಮಗನಿಗಂತೂ ಹೇಳುವ ಹಾಗೇ ಇರಲಿಲ್ಲ. ಅವನು ಸಮಾರಂಭಗಳಿಗೆ ಮೈಕು, ಸ್ಪೀಕರ್ ಪೆಟ್ಟಿಗೆ ಬಾಡಿಗೆಗೆ ಕೊಡುವವನು. ಕರೆಂಟಿನ ಸಾಮಾನೆಂದರೆ ಜೀವ. ಕಡೆಯುವ ಯಂತ್ರ ತರುತ್ತೇನೆ, ನೀನು ಹಾಯಾಗಿ ಕೂತಿರು ಎಂದು ಗಂಟುಬಿದ್ದಿದ್ದ. ಯಂತ್ರ ಬಂದರೆ ಗುಂಡಿ ಒತ್ತಲು ಸೊಸೆ ಸಾಕು. ಕೈಲಾಗದವರನ್ನು ಮನೆಯವರು ಎಷ್ಟು ಪ್ರೀತಿಯಿಂದ ಮೂಲೆಗೆ ಕೂರಿಸುತ್ತಾರೆ ಎಂಬುದನ್ನು ಅವಳು ತನ್ನ ಅತ್ತೆಯ ವಿಷಯದಲ್ಲಿ ಕಣ್ಣಾರೆ ಕಂಡಿದ್ದಳು. ನನ್ನ ಕೈ ನಡೆಯುವ ತನಕ ಯಂತ್ರ ಹೊಸಿಲು ದಾಟಕೂಡದು ಎಂದು ಹೇಳಿ ಅವನ ಬಾಯಿ ಮುಚ್ಚಿಸಿದ್ದಳು.

ಆ ಮಗನೇ ಒಂದು ಬೆಳಗ್ಗೆ ಕಡೆಯುವ ಸದ್ದನ್ನು ಮೈಕಿನಲ್ಲಿ ಹಿಡಿದುಕೊಂಡು ಹೋಗಿ, ಅದಕ್ಕೆ ಡ್ರಮ್ಮು ಸೇರಿಸಿ ಹಾಡು ಕಟ್ಟಿಬಿಟ್ಟ. 'ತಂಪು ಮಜ್ಜಿಗೆ, ಹುಳಿ ಮಜ್ಜಿಗೆ, ಅತ್ತೆ ಕೊಟ್ರೂ ಕುಡೀತೀನಿ ಮಜ್ಜಿಗೆ' ಎನ್ನುವುದಷ್ಟೇ ಅದರ ಸಾಹಿತ್ಯ. ವಾರ ಕಳೆಯುವುದರೊಳಗೆ ಎಲ್ಲರ ಫೋನಿಗೂ ಹಬ್ಬಿತು. ಜನ ಹುಚ್ಚೆದ್ದದ್ದು ಸಾಹಿತ್ಯಕ್ಕಲ್ಲ, ತಾಳಕ್ಕೆ. ಸರ್ರ್ ಎಂದು ಒಂದು ಎಳೆತ, ಆಮೇಲೆ ಉಸಿರು ನಿಂತ ಹಾಗೆ ಒಂದು ತಡೆ, ಆಮೇಲೆ ಇನ್ನೊಂದು. ಆ ತಡೆಯಲ್ಲಿ ಬಸ್ಸಿನ ಕಂಡಕ್ಟರು ಟಿಕೆಟ್ಟನ್ನು ಗಾಳಿಯಲ್ಲೇ ಹಿಡಿದು ನಿಲ್ಲುತ್ತಿದ್ದ. ಕ್ಷೌರದವನು ಕತ್ತರಿ ಎತ್ತಿ ಸೊಂಟ ಕುಲುಕಿಸುತ್ತಿದ್ದ. ಕುರ್ಚಿಯಲ್ಲಿ ಕೂತವರು ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮೇಷ್ಟರೊಬ್ಬರು ಇದೇನು ಹಾಡೋ ಹೊಟ್ಟೆನೋವೋ ಎಂದು ಬೈದು, ಬೈಯುತ್ತಲೇ ಕಾಲಲ್ಲಿ ತಾಳ ಹಾಕಿದರಂತೆ.

"ಆ ತಡೇಲೇ ಇರೋದಮ್ಮ ಮಜಾ, ಅದನ್ನ ಕಲಿಸಿಕೊಟ್ರೂ ಬರಲ್ಲ" ಎಂದ ಮಗ. ಅವಳು ನಕ್ಕಳು. ರಸ್ತೆಯಲ್ಲಿ ಹಾಡು ಕೇಳಿದಾಗಲೆಲ್ಲ ತನ್ನ ಗುಟ್ಟನ್ನು ಯಾರೋ ಡಂಗುರ ಹೊಡೆಯುತ್ತಿದ್ದಾರೆ ಎನಿಸಿ ಬಿರಬಿರನೆ ಮನೆಯ ದಾರಿ ಹಿಡಿಯುತ್ತಿದ್ದಳು.

ಜನ ಅಷ್ಟಕ್ಕೇ ಬಿಡಲಿಲ್ಲ. ಅಮ್ಮ ಕಡೆಯುವುದನ್ನು ಎದುರಿಗೇ ನೋಡಬೇಕು ಎಂದರು. ಮಗ ಒಂದು ಭಾನುವಾರ ಜಗಲಿಯಲ್ಲೇ ಮೈಕು ಹೂಡಿದ. ಒಂದನ್ನು ಮಡಕೆಯ ಕುತ್ತಿಗೆಗೇ ಕಟ್ಟಿ, ತಾನು ಅಂಗಳದಲ್ಲಿ ಹೆಡ್‌ಫೋನ್ ಹಾಕಿ ಕೂತ. ಪೆಟ್ಟಿಗೆಗೆ ಸದ್ದು ಕೊಡುವ ಮೊದಲು ಹದ ನೋಡಿಕೊಳ್ಳಬೇಕಿತ್ತು; ಅಲ್ಲಿಯವರೆಗೆ ಮೈಕಿಗೆ ಬಿದ್ದದ್ದು ಅವನೊಬ್ಬನ ಕಿವಿಗೇ. ಕಂಡಕ್ಟರು, ಕ್ಷೌರದವನು, ಅಕ್ಕಪಕ್ಕದವರು ನೆರೆದರು. ಆ ಬೆಳಗ್ಗೆ ಮಜ್ಜಿಗೆಯಮ್ಮನಿಗೆ ತಲೆ ಬಾಚಿಕೊಳ್ಳಲೂ ಕೈ ಎದ್ದಿರಲಿಲ್ಲ. ಎಡಗೈ ಎಳೆಯಿತು. ಬಲಗೈ ಅಲ್ಲೇ ನಿಂತಿತು. ತಡೆ ಉದ್ದವಾದಷ್ಟೂ ಜನ ಶಿಳ್ಳೆ ಹೊಡೆದರು.

ಆಗ ಗುಂಪನ್ನು ಸರಿಸಿಕೊಂಡು ಅವಳ ವಾರಗಿತ್ತಿ ಬಂದಳು. ಮನೆ ಪಾಲಾದಾಗ ಹಾಲು ಕರೆಯುವ ಹಸು ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದು, ಅಂದಿನಿಂದ ಮುಖ ತಿರುಗಿಸಿಕೊಂಡೇ ಓಡಾಡಿದವಳು. ಅದಕ್ಕೆ ಮೊದಲು ಇದೇ ಜಗಲಿಯಲ್ಲಿ ಎದುರುಬದುರು ಕೂತು, ಹಗ್ಗದ ಒಂದೊಂದು ತುದಿ ಹಿಡಿದು ಇಬ್ಬರೂ ವರ್ಷಗಟ್ಟಲೆ ಕಡೆದಿದ್ದರು. ಅವಳು ಯಾರನ್ನೂ ಕೇಳದೆ ಚಕ್ಕಂಬಕ್ಕಳ ಹಾಕಿ ಕೂತು ಬಲಗಡೆಯ ತುದಿಯನ್ನು ಕಿತ್ತುಕೊಂಡಳು.

ಕಡೆಗೋಲು ತಿರುಗತೊಡಗಿತು. ಒಬ್ಬಳು ಎಳೆದರೆ ಇನ್ನೊಬ್ಬಳು ಸಡಿಲ ಬಿಟ್ಟಳು. ಮಡಕೆಯ ಮೇಲೆ ಬಗ್ಗಿದ ಎರಡು ತಲೆಗಳು ಹತ್ತಿರವಾದವು.

"ಭುಜ ಯಾವಾಗಿಂದ?" ಎಂದಳು ವಾರಗಿತ್ತಿ, ತುಟಿ ಅಲ್ಲಾಡಿಸದೆ.

"ಯಾವ ಭುಜ?"

"ನನ್ನ ಹತ್ರ ಬೇಡ ಅಕ್ಕ. ಬಸ್ಸಲ್ಲಿ ಆ ಹಾಡಿಗೆ ಎಲ್ಲಾ ಕುಣೀತಿದ್ರು. ನನಗೆ ಕೂತಲ್ಲೇ ಸಂಕಟ ಆಯ್ತು. ನಿನ್ನ ಎಳೆತ ನಂಗೊತ್ತಿಲ್ವಾ?"

ಮಜ್ಜಿಗೆಯಮ್ಮ ಮಡಕೆಯ ಮೇಲೆ ಇನ್ನಷ್ಟು ಬಗ್ಗಿದಳು. "ಚಳೀಲಿ ಹಿಡೀತು. ಅವನಿಗೆ ಹೇಳ್ಬೇಡ ಕಣೇ. ಯಂತ್ರ ತಂದು ನನ್ನ ಇಲ್ಲಿಂದ ಎಬ್ಬಿಸಿಬಿಡ್ತಾನೆ. ಆಮೇಲೆ ನಂಗೆ ಬೆಳಗಾದ್ರೂ ಯಾತಕ್ಕಾಗ್ಬೇಕು?"

ಮಡಕೆಯ ಕುತ್ತಿಗೆಯಲ್ಲಿ ಮೈಕು ಇರುವುದು ಇಬ್ಬರಿಗೂ ಮರೆತುಹೋಗಿತ್ತು.

ಅಂಗಳದಲ್ಲಿ ಜನಕ್ಕೆ ಬೇಸರ ಬಂತು. ತಡೆಯೇ ಇಲ್ಲದೆ ಸರ್ರ್ ಸರ್ರ್ ಎಂದು ಒಂದೇ ಸಮನೆ ಬರುವ ಸದ್ದಿಗೆ ಯಾರ ಸೊಂಟವೂ ಕುಲುಕಲಿಲ್ಲ. ಉಪ್ಪಿಲ್ಲದ ಮಜ್ಜಿಗೆ ಆಯಿತಲ್ಲ ಎಂದ ಕ್ಷೌರದವನು. ನಿನ್ನ ಚಿಕ್ಕಮ್ಮ ಬಂದು ತಾಳ ಕೆಡಿಸಿದಳು, ಅವಳಿಗೆ ಏಳು ಅಂತ ಹೇಳಯ್ಯ ಎಂದ ಕಂಡಕ್ಟರು. ಮಗ ಅಲುಗಲಿಲ್ಲ. ಹೆಡ್‌ಫೋನನ್ನು ಎರಡು ಕೈಯಿಂದ ಕಿವಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದ. ಸುಮಾರು ಹೊತ್ತಿನ ಮೇಲೆ ಅದನ್ನು ತೆಗೆದು ಕೊರಳಿಗೆ ಇಳಿಸಿಕೊಂಡು, ವೈರು ಕೆಟ್ಟಿದೆ, ಇವತ್ತು ಆಗುವುದಿಲ್ಲ ಎಂದು ಎಲ್ಲರನ್ನೂ ಸಾಗಹಾಕಿದ.

ಜಗಲಿಗೆ ಬಂದು ಮೈಕು ಬಿಚ್ಚಿದ. ಅಮ್ಮನ ಮುಖ ನೋಡಲಿಲ್ಲ.

"ಚಿಕ್ಕಮ್ಮ, ನಾಳೆ ಎಷ್ಟು ಹೊತ್ತಿಗೆ ಬರ್ತೀಯ?"

"ಹಾಲು ಕರೆದು ಬರ್ತೀನಿ" ಎಂದಳವಳು. ಹಾಗೆಂದು, ಅಕ್ಕನ ಕಡೆ ತಿರುಗದೆಯೇ, "ನನ್ನ ಬಾಣಂತನದಲ್ಲಿ ನನ್ನ ತುದೀನೂ ನೀನೇ ಎಳೆದೆಯಲ್ಲ. ಆ ಋಣ ತೀರೋ ತನಕ ಬರ್ತೀನಿ" ಎಂದಳು.

ಮಗ ವೈರು ಸುತ್ತುತ್ತ ಒಳಗೆ ಹೋದ. ಮಜ್ಜಿಗೆಯಮ್ಮ ಅವನು ಹೋದ ಬಾಗಿಲನ್ನೇ ನೋಡಿದಳು, ಆಮೇಲೆ ಕಳಚಿಟ್ಟ ಮೈಕನ್ನು ನೋಡಿದಳು.

"ಆ ಋಣ ಬೇಗ ತೀರೋದಲ್ಲ ಬಿಡು" ಎಂದಳು.

ಮಡಕೆಯಲ್ಲಿ ಬೆಣ್ಣೆ ಕಣ್ಣುಬಿಡುತ್ತಿತ್ತು. ಹಗ್ಗ ಅತ್ತ ಹೋಗಿ ಇತ್ತ ಬಂತು. ಮಜ್ಜಿಗೆಯಮ್ಮನ ಬಲಗೈ ಮಡಿಲಲ್ಲಿ ಅಂಗೈ ಮೇಲಾಗಿ ಮಲಗಿತ್ತು.