ಪೂಜೆಗಿಟ್ಟ ಬ್ಯಾಡ್ಜ್

ಅಕ್ಷತಾಳ ಬಳಿ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಇಲ್ಲ.

ಓದಿನಲ್ಲಿ ಅವಳು ಹಿಂದಿದ್ದವಳಲ್ಲ. ಫಿಸಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದಳು. ೨೦೦೩ರಲ್ಲಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್ ತರಬೇತಿಗೆ ಸೇರಿದಳು. ಎರಡು ವರ್ಷದ ಕೋರ್ಸು. ಇದ್ದದ್ದು ಎರಡೇ ಸೀಟು.

ಅವಳ ಅಪ್ಪ ಶಿವಮಲ್ಲಪ್ಪನಿಗೆ ಉದಯಗಿರಿಯಲ್ಲಿ ಸೈಕಲ್ ಸಾಮಾನಿನ ಅಂಗಡಿ. ಮಗಳು ಏನು ಕಲಿಯುತ್ತಾಳೆ ಎಂಬುದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ.

"ಎಕ್ಸ್‌ರೇ ತೆಗೆಯೋದೇನಮ್ಮ?"

"ಅಲ್ಲಪ್ಪ. ಎಕ್ಸ್‌ರೇಲಿ ಕಿರಣ ಮಿಷಿನ್ನಿಂದ ಬರುತ್ತೆ. ಇಲ್ಲಿ ಕಿರಣ ಸೂಸೋ ಔಷಧೀನ ಚೂರೇ ಚೂರು ರೋಗಿಗೆ ಇಂಜೆಕ್ಷನ್ ಕೊಡ್ತೀವಿ. ಅದು ಹೋಗಿ ಮೂಳೇಲೋ ಥೈರಾಯ್ಡ್‌ನಲ್ಲೋ ಕೂರುತ್ತೆ. ಆಮೇಲೆ ಹೊರಗಿಂದ ಕ್ಯಾಮೆರಾ ಹಿಡಿದ್ರೆ ಒಳಗೆ ಎಲ್ಲಿ ಕೆಟ್ಟಿದೆ ಅಂತ ಕಾಣುತ್ತೆ."

"ಅಂದ್ರೆ ರೋಗೀನೇ ಬಲ್ಬು ಅನ್ನು."

"ಹಂಗೇ ಅಂದ್ಕೊ."

ಅಮ್ಮ ನೀಲಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ದಿನಾ ಆ ಬಲ್ಬಿನ ಪಕ್ಕ ನಿಲ್ಲೋಳು ನೀನು ಕಣೇ. ನಿನಗೇನೂ ಆಗಲ್ವಾ?"

"ಅದಕ್ಕೇ ಒಂದು ಬ್ಯಾಡ್ಜ್ ಕೊಟ್ಟವ್ರೆ ಕಣಮ್ಮ. ಎದೆ ಮೇಲೆ ಹಾಕ್ಕೊಂಡಿರ್ತೀವಿ. ನಮ್ಮ ಮೈಗೆ ಎಷ್ಟು ಕಿರಣ ಬಿತ್ತು ಅಂತ ಅದರಲ್ಲಿ ಗೊತ್ತಾಗುತ್ತೆ. ಮೂರು ತಿಂಗಳಿಗೊಂದ್ಸಲ ಪರೀಕ್ಷೆಗೆ ಕಳಿಸ್ತಾರೆ."

ಕೆಲಸವಿಲ್ಲದಾಗ ಆ ಬ್ಯಾಡ್ಜನ್ನು ಹೊರಗಿನ ಕಾರಿಡಾರಿನ ಮೊಳೆಗೆ ತೂಗುಹಾಕಬೇಕು. ಔಷಧಿ ಇರುವ ಕೋಣೆಯಲ್ಲಿ ಬಿಡಬಾರದು. ಸೇರಿದ ದಿನವೇ ಇದನ್ನು ಹೇಳಿಕೊಟ್ಟಿದ್ದರು. ಅಕ್ಷತಾ ಒಂದು ವರ್ಷ ತಪ್ಪದೆ ಹಾಗೇ ಮಾಡಿದಳು.

ಮರುವರ್ಷ ಆಯುಧಪೂಜೆ ಬಂತು. ಅವಳಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ಟೆಕ್ನಾಲಜಿಸ್ಟ್ ರವಿಚಂದ್ರ ಟ್ರ್ಯಾಕ್ಟರ್ ಪೂಜೆಗೆಂದು ತನ್ನೂರು ಇಲವಾಲಕ್ಕೆ ಹೋಗಿದ್ದ. ವಿಭಾಗದವರು ಕ್ಯಾಮೆರಾಕ್ಕೆ ಹೂವು ಮುಡಿಸಿದರು. ಔಷಧಿ ಕೋಣೆಯಲ್ಲಿ ಸೀಸದ ಡಬ್ಬಿಗೆ ಕುಂಕುಮ ಹಚ್ಚಿದರು. ಕಿರಣ ಸೂಸುವ ಔಷಧಿಯ ಮೂಲ ಇರುವುದು ಆ ಡಬ್ಬಿಯೊಳಗೆ; ಸೀಸ ತಡೆದರೂ ಚೂರು ಕಿರಣ ಹೊರಗೆ ಸೋರುತ್ತಲೇ ಇರುತ್ತದೆ. ನರ್ಸು ಅದರ ಮುಂದೆ ಬಿ.ಪಿ. ನೋಡುವ ಯಂತ್ರ ಇಟ್ಟಳು, ಅಟೆಂಡರು ಬೀಗದ ಕೈ ಗೊಂಚಲು ಇಟ್ಟ. ಅಕ್ಷತಾಳಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಬ್ಯಾಡ್ಜ್ ಒಂದೇ. ಅದನ್ನು ಡಬ್ಬಿಗೆ ಒರಗಿಸಿಟ್ಟು ಕೈ ಮುಗಿದಳು.

ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವುದಿಲ್ಲ. ಹಿಂದೆಯೇ ಭಾನುವಾರ ಬಂತು. ರಜೆ ಮುಗಿಯುವವರೆಗೂ ಬ್ಯಾಡ್ಜ್ ಅಲ್ಲೇ ಇತ್ತು.

ಆ ಮೂರು ತಿಂಗಳ ವರದಿ ಫೆಬ್ರವರಿಯಲ್ಲಿ ಬಂತು. ಅವಳ ಬ್ಯಾಡ್ಜಿನಲ್ಲಿ ಮಿತಿ ಮೀರಿದ ಕಿರಣ. ನಿಯಮದಂತೆ ಅವಳನ್ನು ಔಷಧಿ ಕೋಣೆಯ ಕೆಲಸದಿಂದ ಬಿಡಿಸಿದರು. ತರಗತಿಗೆ ಬರಬಹುದು, ನಡೆದದ್ದನ್ನು ಬರೆದುಕೊಡಬೇಕು, ರಕ್ತಪರೀಕ್ಷೆ ಮಾಡಿಸಬೇಕು ಎಂದರು. ಮೈಗೆ ನಿಜವಾಗಿ ಅಷ್ಟು ಕಿರಣ ಬಿದ್ದಿದ್ದರೆ ರಕ್ತದಲ್ಲಿ ಗುರುತು ಸಿಗುತ್ತದೆ.

ವಿಷಯ ಬೀದಿಗೆ ಬರಲು ಹೆಚ್ಚು ಹೊತ್ತಾಗಲಿಲ್ಲ. ಎದುರುಮನೆ ಪುಟ್ಟಬಸಮ್ಮ ಮೊಸರು ಕೇಳುವ ನೆಪದಲ್ಲಿ ಬಂದಳು.

"ನೀಲಮ್ಮೋರೆ, ಅಣುಬಾಂಬಿನ ಪುಡಿ ಸೇರ್ಕಂಡದಂತಲ್ಲ ನಿಮ್ಮ ಹುಡುಗಿ ಮೈಗೆ? ಮುಂದೆ ಮಕ್ಕಳು ಮರಿ ಎಂಗೆ?"

ಕಡಕೊಳದಿಂದ ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಶಿವಮಲ್ಲಪ್ಪ ಮಗಳನ್ನು ತರಗತಿಗೂ ಕಳಿಸದೆ ನಿಲ್ಲಿಸಿದ.

"ಅಪ್ಪ, ರಕ್ತ ಕೊಟ್ಟು ಬಂದ್ಬುಡ್ತೀನಿ. ನನಗೇನೂ ಆಗಿಲ್ಲ."

"ಆಗಿದೆ ಅಂತ ಬರೆದ್ಬುಟ್ರೆ? ಈಗ ಬೀದಿಯೋರ ಬಾಯಲ್ಲಷ್ಟೇ ಅದೆ. ಕಾಗದದ ಮೇಲೆ ಬಂದ್ರೆ ಅಳಿಸೋಕಾಯ್ತದಾ?"

"ಇಲ್ಲ ಅಂತಾನೂ ಬರೀಬಹುದಲ್ಲ."

"ಇಲ್ಲ ಅಂತಾನೇ ಬರೀತಾರೆ ಅನ್ನೋ ಧೈರ್ಯ ನಿನಗಿದ್ಯಾ ಹೇಳು?"

ಬ್ಯಾಡ್ಜ್ ಪೂಜೆಗಿಟ್ಟದ್ದರಿಂದಲೇ ಹೀಗಾಯಿತು ಎಂದು ಅವಳಿಗೆ ಅನಿಸುತ್ತಿತ್ತು, ಆದರೆ ಖಚಿತವಿರಲಿಲ್ಲ. ಅವಳಿಗೂ ಒಳಗೆ ಭಯವಿತ್ತು. ಇಪ್ಪತ್ತಮೂರು ವರ್ಷದವಳು, ಬಸ್ಸು ಹತ್ತಿ ಒಬ್ಬಳೇ ಹೋಗಿ ರಕ್ತ ಕೊಡಬಹುದಿತ್ತು. ಮನೆಯವರು ಬೇಡ ಎಂದದ್ದನ್ನು ಮಾಡಿ ಅಭ್ಯಾಸವಿರಲಿಲ್ಲ. ಹೋಗಲಿಲ್ಲ.

ಮಾತಾಡಲು ಬಂದ ರವಿಚಂದ್ರನನ್ನು ಶಿವಮಲ್ಲಪ್ಪ ಅಂಗಡಿ ಬಾಗಿಲಿನಿಂದಲೇ ವಾಪಸ್ಸು ಕಳಿಸಿದ. ಮತ್ತೆ ಬಂದಾಗಲೂ ಅದೇ ಆಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ನೇರ ಮನೆಗೇ ಬಂದು ಜಗಲಿಯ ಮೇಲೆ ಕೂತ.

"ಯಜಮಾನ್ರೆ, ಕಾಫಿ ಬೇಡ, ಒಂದು ಮಾತು ಕೇಳಿ. ನಿಮ್ಮ ಅಂಗಿ ಹಗ್ಗದ ಮೇಲಿತ್ತು. ಮಳೆ ಹುಯ್ತು. ನೀವು ಒಳಗೆ ಮಲಗಿದ್ರಿ. ನೀವು ನೆಂದ್ರಾ?"

"ನಾನ್ಯಾಕೆ ನೆನೀಲಿ?"

"ರಜೆ ಪೂರ್ತಿ ಬ್ಯಾಡ್ಜ್ ಔಷಧಿ ಡಬ್ಬಿ ಪಕ್ಕ ಪೂಜೆಗಿತ್ತು, ನಮ್ಮ ಅಟೆಂಡರು ಹೇಳಿದ. ಅಕ್ಷತಾ ನಿಮ್ಮನೇಲಿದ್ಲು. ನೆಂದಿರೋದು ಬ್ಯಾಡ್ಜ್ ಕಣ್ರೀ, ಹುಡುಗಿ ಅಲ್ಲ."

ನೀಲಮ್ಮ ಒಳಗಿನಿಂದ ಕೇಳಿದಳು. "ಮತ್ತೆ ನಿಮಗೆ?"

"ಹತ್ತು ವರ್ಷದಿಂದ ಇದೇ ಕೆಲಸ ತಾಯಿ. ನನಗೆ ಎರಡು ಹೆಣ್ಣುಮಕ್ಕಳು. ಇಬ್ರೂ ನಿಮ್ಮ ಬೀದಿಯೋರಿಗಿಂತ ಜೋರಾಗಿ ಮಾತಾಡ್ತಾರೆ."

ನೀಲಮ್ಮ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ತಿಂಗಳುಗಳಾಗಿದ್ದವು. ಶಿವಮಲ್ಲಪ್ಪ ಒಪ್ಪಿದ. "ನಾನೇ ಕರ್ಕೊಂಡು ಬತ್ತೀನಿ," ಎಂದ.

ಅಕ್ಷತಾ ರಕ್ತ ಕೊಟ್ಟಳು. ಏನೂ ತೊಂದರೆಯಿಲ್ಲ ಎಂದು ವರದಿ ಬಂತು. ವಿಚಾರಣೆ ಮುಗಿಯಿತು. ಶಿವಮಲ್ಲಪ್ಪ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಮಗಳೊಂದಿಗೆ ಆಸ್ಪತ್ರೆಯ ಕಚೇರಿಗೆ ಹೋದ. ಅಲ್ಲಿನ ಗುಮಾಸ್ತ ಸುಂದರೇಶನ ಮುಂದೆ ನಿಂತು ತನಗೆ ತಿಳಿದಷ್ಟನ್ನೂ ಹೇಳಿದ.

"ನೆಂದಿರೋದು ಬ್ಯಾಡ್ಜ್ ಸ್ವಾಮಿ. ನಮ್ಮ ಮಗು ನೆಂದಿಲ್ಲ."

"ಅದರಲ್ಲಿ ಯಾರಿಗೂ ಅನುಮಾನ ಇಲ್ಲ ಯಜಮಾನ್ರೆ," ಎಂದ ಸುಂದರೇಶ. "ಹಾಜರಾತಿ ಇಲ್ಲ. ಪರೀಕ್ಷೆಗೆ ಕೂರಿಸೋಕಾಗಲ್ಲ."

"ಮುಂದಿನ ವರ್ಷ?"

"ಮೊದಲಿಂದ ಅರ್ಜಿ ಹಾಕಬೇಕು."

ಅವಳು ಅರ್ಜಿ ಹಾಕಿದಳು. ಎರಡು ಸೀಟಿಗೂ ಬೇರೆಯವರು ಆಯ್ಕೆಯಾದರು. ಅಕ್ಷತಾ ಈಗ ಅಪ್ಪನ ಅಂಗಡಿಯಲ್ಲಿ ಕೂರುತ್ತಾಳೆ. ಅಲ್ಲಿ ಕಲಿತವರು ಬೇರೆ ಊರು ಹಿಡಿದರು, ವಿಭಾಗದಲ್ಲಿ ಕೈ ಸಾಲದೆ ಕ್ಯಾಮೆರಾ ವಾರದಲ್ಲಿ ಮೂರೇ ದಿನ ನಡೆಯುತ್ತದೆ. ಉಳಿದ ದಿನ ಬಂದವರನ್ನು ಬೆಂಗಳೂರಿಗೆ ಹೋಗಿ ಎನ್ನುತ್ತಾರೆ. ಕೆಲವರು ಹೋಗುತ್ತಾರೆ. ಕೆಲವರು ಮನೆಗೆ ಹೋಗುತ್ತಾರೆ.

ಓದುವವರೇ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ಕೆಲಸ ಕಲಿಯುತ್ತಿದ್ದರೆ ತಡೆಯಬೇಡಿ. ಬ್ಯಾಡ್ಜ್ ಇರಬೇಕಾದದ್ದು ಎದೆಯ ಮೇಲೆ, ಕೆಲಸವಿಲ್ಲದಾಗ ಕೋಣೆಯ ಹೊರಗೆ. ಹಬ್ಬವಾದರೂ ಅಷ್ಟೇ. ವರದಿಯಲ್ಲಿ ಹೆಚ್ಚು ಬಂತೆಂದರೆ ಮುಚ್ಚಿಡಬೇಡಿ, ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಅದೇ ವಾರ ರಕ್ತ ಕೊಡಿಸಿ. ಎದುರುಮನೆಯವರನ್ನು ಕೇಳಬೇಡಿ, ವಿಭಾಗದವರನ್ನು ಕೇಳಿ.

ಈ ಮನೆಯವರು ತಡವಾಗಿ ಕೇಳಿದರು. ಹೋದದ್ದು ಎರಡು ವರ್ಷದ ಓದು, ಒಂದು ಸೀಟು, ಮೈಸೂರಿಗೆ ಸಿಗಬೇಕಿದ್ದ ಒಬ್ಬ ಟೆಕ್ನಾಲಜಿಸ್ಟ್.