ಕೆಳಗಿಟ್ಟ ನೀರು

“ಕೆಳಗಿಡ್ಲಾ ಬಕೀಟ್ನ. ಅವನ ಕೈಗೇ ಕೊಡ್ತೀಯಾ, ಬೇವಾರ್ಸಿ ನನ್ಮಗನೆ?”

ಮಾತಿನ ಜೊತೆಗೆ ಬೆತ್ತವೂ ಬಂತು. ನನ್ನ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ತುಂಬಿದ ಬಕೀಟು ಜಾರಿ ಉರುಳಿ, ನೀರೆಲ್ಲ ಮರದ ಹೊಟ್ಟಿನ ಮೇಲೆ ಹರಿಯಿತು. ಎದುರಿಗೆ ಎರಡು ಕೈ ಚಾಚಿ ನಿಂತಿದ್ದ ಜವರ ಆ ಕೈಗಳನ್ನು ಹಿಂದಕ್ಕೆಳೆದು ಬೆನ್ನಿಗೆ ಕಟ್ಟಿಕೊಂಡ. ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ.

ಅದು ನಮ್ಮ ತಾಲೀಮಿನ ಮೊದಲ ದಿನ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ಹುಣಸೂರು ಪೇಟೆಯ ಹೊರಗೆ ಸಾಹುಕಾರ್ ಕಂಠಪ್ಪನವರ ಮರದ ಮಂಡಿಯಿತ್ತು. ಹಿಂದಿನ ವರ್ಷ ಅಲ್ಲಿ ಮತ್ತಿಮರದ ಒಂದು ದೊಡ್ಡ ರಾಶಿ ಉರಿದು ಬೂದಿಯಾಗಿತ್ತು. ಆ ಮೇಲೆ ಸಾಹುಕಾರರು ಬೆಂಕಿ ಆರಿಸುವುದಕ್ಕೆಂದು ಆರು ಜನರ ಒಂದು ದಳ ಕಟ್ಟಿದರು. ಮೂರು ತಿಂಗಳು ತಾಲೀಮು. ಅಲ್ಲಿಯವರೆಗೆ ಎರಡು ಹೊತ್ತಿನ ಊಟ, ಒಂದು ಖಾಕಿ ಅಂಗಿ. ಗೆದ್ದವರಿಗೆ ಕಾಯಂ ಕೆಲಸ, ಹಿತ್ತಾಳೆ ಬಿಲ್ಲೆಯ ಬೆಲ್ಟು, ಮಂಡಿಯ ಪಕ್ಕದಲ್ಲಿ ಹೆಂಚು ಹೊದಿಸಿದ ಒಂದು ಕೋಣೆ.

ನನಗೆ ಬೇಕಾಗಿದ್ದುದು ಆ ಕೋಣೆ. ಆರು ವರ್ಷ ನಾನು ಚರ್ಮ ಹದ ಮಾಡುವ ಕಡೆ ದುಡಿದಿದ್ದೆ. ಸುಣ್ಣದ ತೊಟ್ಟಿ ಬೆರಳಿನ ತೊಗಲನ್ನೆಲ್ಲ ತಿಂದುಹಾಕಿದಾಗ ಮಾಲೀಕರು, “ನಿನ್ನ ಚರ್ಮವೇ ಹದವಾಗಿಹೋಯ್ತಲ್ಲೋ ಲತೀಫ” ಎಂದು ನಕ್ಕು ಮನೆಗೆ ಕಳಿಸಿದ್ದರು. ನಾನೂ ನನ್ನ ಹೆಂಡತಿ ತಾಜುನ್ನೀಸಾಳೂ ಅವಳ ಅಣ್ಣನ ಮನೆಯ ಜಗಲಿಯ ಮೇಲೆ, ಗೋಣಿತಟ್ಟಿನ ಮರೆಯಲ್ಲಿ ಮಲಗುತ್ತಿದ್ದೆವು.

ಬೆತ್ತ ಬೀಸಿದವನು ತಾಲೀಮು ಕೊಡುವ ರುದ್ರಸ್ವಾಮಿ. ಸಾಲಿಗ್ರಾಮದ ಕಡೆಯವನು, ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದು ಬಿಟ್ಟುಬಂದವನು. ಕೆಲಸ ನೋಡುವುದಕ್ಕೆ ಸುಲಭ. ಬಾವಿಯಿಂದ ಬೆಂಕಿಯವರೆಗೆ ಆರು ಜನ ಸಾಲಾಗಿ ನಿಲ್ಲಬೇಕು. ಇಪ್ಪತ್ತನಾಲ್ಕು ಬಕೀಟು ಕೈಯಿಂದ ಕೈಗೆ ಬರಬೇಕು. ಕೊನೆಯವನು ಎರಚಬೇಕು. ಆದರೆ ಮಂಡಿಯ ಬಾವಿ ಬರಿಯ ಬಾವಿಯಲ್ಲ. ಅದರ ಕಟ್ಟೆಯ ಪಕ್ಕದಲ್ಲಿ ಸಾಹುಕಾರರ ಮನೆಯವರ ಬಸವಣ್ಣನ ಗುಡಿಯಿತ್ತು. ದಿನವೂ ಅಭಿಷೇಕಕ್ಕೆ ಅಲ್ಲಿಂದಲೇ ನೀರು. ಅದಕ್ಕೆ ಬಾವಿಯ ಹತ್ತಿರ ಬಸವರಾಜು ಮತ್ತು ಲಿಂಗಣ್ಣ, ಆಮೇಲೆ ಒಕ್ಕಲಿಗರ ಇಬ್ಬರು, ಆಮೇಲೆ ನಾನು, ಕೊನೆಗೆ ಹೊಲೆಯರ ಜವರ. ಜವರ ಮುಟ್ಟಿದ ಬಕೀಟು ತೊಳೆಯದೆ ತಿರುಗಿ ಬಾವಿಗೆ ಹೋಗುವಂತಿಲ್ಲ. ನಾನು ಮುಟ್ಟಿದ್ದು ಹೋಗಬಹುದು, ಆದರೆ ನನ್ನ ಕೈಯೂ ಅವನ ಕೈಯೂ ಒಂದೇ ಸಲ ಒಂದು ಬಕೀಟನ್ನು ಹಿಡಿದರೆ ನಾನೂ ಕೆಟ್ಟಂತೆ. ಆದ್ದರಿಂದ ನಾನು ಬಕೀಟನ್ನು ನೆಲದ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಆಗ ಅವನು ಮುಂದೆ ಬಂದು ಎತ್ತಿಕೊಳ್ಳಬೇಕು. ಇಪ್ಪತ್ತನಾಲ್ಕೂ ಮುಗಿದ ಮೇಲೆ ಅವನೇ ಅವನ್ನು ಬೂದಿ ಹಾಕಿ ಉಜ್ಜಬೇಕು, ನಾನು ಮೇಲಿನಿಂದ ನೀರು ಹೊಯ್ಯಬೇಕು.

“ಅಂಗಾರೆ ಇವನ್ನ ಯಾಕೆ ಸೇರಿಸ್ಕಂಡ್ರಿ ಅವಾಲ್ದಾರ್ರೆ?” ಎಂದು ಬಸವರಾಜು ಕೇಳಿದ.

“ಬೆಂಕಿ ಅತ್ರ ನೀನ್ ನಿತ್ಕತೀಯೇನ್ಲಾ?”

ಬಸವರಾಜು ಬಾವಿಯ ಹಗ್ಗಕ್ಕೆ ಕೈ ಹಾಕಿದ.

ಆ ರಾತ್ರಿ ತಾಜುನ್ನೀಸಾ ಊದಿದ ಮಣಿಕಟ್ಟಿಗೆ ಅರಿಸಿನ ಹಚ್ಚಿದಳು. ನಡೆದುದನ್ನು ಹೇಳಿದೆ. ಅವಳು, “ಕೆಳಗಿಟ್ರೆ ಏನ್ ಹೋಗತ್ತೆ ಜೀ? ಇಡಿ. ಮೂರು ತಿಂಗ್ಳು ತಾನೇ” ಎಂದಳು.

ಇಟ್ಟೆ. ಮೊದಲ ವಾರ ಪ್ರತಿ ಸಲವೂ ಜವರನ ಮುಖ ನೋಡುತ್ತಿದ್ದೆ. ಎರಡನೆಯ ವಾರ ಅವನ ಕಾಲು ನೋಡುತ್ತಿದ್ದೆ. ಆ ಮೇಲೆ ಬಕೀಟು ಇಡುವ ಜಾಗ ಮಾತ್ರ ಕಾಣುತ್ತಿತ್ತು. ಇಡು, ಸರಿ, ತಿರುಗು, ತೆಗೆದುಕೋ. ಎರಡು ತಿಂಗಳಾಗುವ ಹೊತ್ತಿಗೆ ನನ್ನ ಕೈ ನನ್ನನ್ನು ಕೇಳುತ್ತಿರಲಿಲ್ಲ.

“ನೋಡ್ರಲಾ, ಸಾಬಿ ಕೈ ಮಿಷನ್ ಇದ್ದಂಗದೆ” ಎಂದು ಹವಾಲ್ದಾರ ಒಂದು ದಿನ ಎಲ್ಲರೆದುರಿಗೆ ಹೊಗಳಿದ. “ನೀವೂ ಇದೀರಿ, ದನ ಕಾಯಕ್ಕೂ ಲಾಯಕ್ಕಿಲ್ಲ.”

ನನಗೆ ಸಂತೋಷವಾಯಿತು. ಅಲ್ಲಾಹನ ಎದುರಿಗೆ ಸುಳ್ಳು ಹೇಳಲಾರೆ, ಬಹಳ ಸಂತೋಷವಾಯಿತು. ಮನೆಗೆ ಹೋಗಿ ತಾಜುನ್ನೀಸಾಳಿಗೂ ಹೇಳಿದೆ.

ಬೂದಿ ಉಜ್ಜುವಾಗ ಮಾತ್ರ ನಾನೂ ಜವರನೂ ಇಬ್ಬರೇ ಇರುತ್ತಿದ್ದೆವು. ಅವನು ಮಂಡಿಯ ಗೋಡೆಯ ಆಚೆಯ ಕೇರಿಯವನು. ಗೋಡೆಯಲ್ಲಿ ಒಂದು ಕಂಡಿಯಿತ್ತು, ಅದನ್ನು ದಾಟಿದರೆ ಮೊದಲನೆಯ ಗುಡಿಸಲೇ ಅವನದು. ಅಲ್ಲಿ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿ ಮಲಗಿದ್ದ ಅವನ ತಾಯಿ.

“ನಿಮ್ದೂ ನಂದೂ ಒಂದೇ ಪಾಡು ಕಣ್ ಸಾಬ್ರೆ,” ಎಂದ ಒಮ್ಮೆ. “ನೀವು ಬಾವಿಗ್ ದೂರ, ನಾನು ಬೆಂಕಿಗ್ ಅತ್ರ.”

“ಕಾಯಂ ಆಗ್ಲಿ ಬುಡು. ಕೋಣೆ ಸಿಕ್ತದೆ.”

“ನಿಮಗ್ ಸಿಕ್ತದೆ. ನಂಗೆಲ್ಲಿ ಕೊಟ್ಟಾರು ಕೋಣೆಯ? ಬೆಲ್ಟ್ ಕೊಟ್ರೆ ಸಾಕು. ಅವ್ವುಂಗೆ ತೋರಿಸ್ಬೇಕು. ಆ ಬಿಲ್ಲೆ ಒಳೀತದಲ್ಲ, ಅದ ನೋಡಿ ನಗ್ತಾಳೆ. ಅರ್ಧ ಬಾಯಲ್ಲೇ ನಗೋದು, ಈಗ.”

ಹೀಗೆ ಹೇಳಿ ಅವನು ತನ್ನ ಬಾಯಿಯನ್ನು ಒಂದು ಪಕ್ಕಕ್ಕೆ ಎಳೆದು ತೋರಿಸಿದ. ಇಬ್ಬರೂ ನಕ್ಕೆವು. ನಗುತ್ತಲೇ ನಾನು ಮೇಲಿನಿಂದ ನೀರು ಹೊಯ್ದೆ, ಅವನು ಕೆಳಗಿನಿಂದ ಉಜ್ಜಿದ.

ಎಂಬತ್ತಾರನೆಯ ದಿನ ಮಧ್ಯಾಹ್ನ ನಾನು ಜುಹರ್ ನಮಾಜಿಗೆ ಕೈಕಾಲು ತೊಳೆಯುತ್ತಿದ್ದೆ. ಬೆಂಕಿಯ ಗಂಟೆ ಬಾರಿಸಿದರು. ಸಾಹುಕಾರರ ಅಡುಗೆಯವರು ಒಲೆಯ ಬೂದಿಯನ್ನು ಕೆಂಡ ಆರುವ ಮೊದಲೇ ಗೋಡೆಯಾಚೆ ಸುರಿದಿದ್ದರು. ಅಲ್ಲಿದ್ದ ಮಂಡಿಯ ತೊಗಟೆಯ ರಾಶಿ ಹೊತ್ತಿಕೊಂಡಿತ್ತು. ಗಾಳಿ ಕೇರಿಯ ಕಡೆಗೆ ಬೀಸುತ್ತಿತ್ತು.

“ಸಾಲು” ಎಂದು ಹವಾಲ್ದಾರ ಕೂಗಿದ. ನಾವು ನಿಂತೆವು. ಬಾವಿಯಿಂದ ಗೋಡೆಯ ಕಂಡಿಯವರೆಗೆ ಸಾಲು ನೆಟ್ಟಗೆ ನಿಂತಿತು. ಕಂಡಿಯ ಆಚೆ ನಾನು, ನನ್ನಿಂದ ಮುಂದೆ ಜವರ. ಉರಿಯುತ್ತಿದ್ದುದು ಅವನದೇ ಗುಡಿಸಲು. ಕೇರಿಯ ಗಂಡಸರು ಕೂಲಿಗೆ ಹೋಗಿದ್ದರು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು. ಬಕೀಟು ಬಂತು. ಕೆಳಗಿಟ್ಟೆ, ಸರಿದೆ. ಜವರ ಎತ್ತಿ ಎರಚಿದ. ಮತ್ತೊಂದು ಬಂತು. ಹದಿಮೂರು ಬಕೀಟು ಹಾಗೆ ಹೋಯಿತು. ಬಾಗಿಲ ಮೇಲಿನ ಹುಲ್ಲು ಹೊಗೆಯಾಗಿ ಸ್ವಲ್ಪ ತಗ್ಗಿತು.

ಒಳಗಿನಿಂದ ತಾಯಿ ಕೂಗಿದಳು. ಮಾತು ಸ್ಪಷ್ಟವಾಗಿರಲಿಲ್ಲ. ಅರ್ಧ ಬಾಯಿಯ ಕೂಗು.

ಜವರ ಕೈಯಲ್ಲಿದ್ದ ಖಾಲಿ ಬಕೀಟನ್ನು ಬಿಸಾಡಿ, “ನೀರ್ ಉಯ್ತಾ ಇರಿ ಸಾಬ್ರೆ, ಅವ್ವುನ್ನ ತತ್ತೀನಿ” ಎಂದು ಒಳಗೆ ಹೋದ.

ಹಿಂದಿನಿಂದ ಬಕೀಟು ಬಂತು. ತೆಗೆದುಕೊಂಡೆ. ಕೆಳಗಿಟ್ಟೆ. ಒಂದು ಹೆಜ್ಜೆ ಹಿಂದೆ ಸರಿದೆ. ತಿರುಗಿದೆ. ಇನ್ನೊಂದು ಬಂತು. ಅದನ್ನೂ ಅದರ ಪಕ್ಕದಲ್ಲಿ ಇಟ್ಟೆ. ಮತ್ತೊಂದು. ಜಾಗ ತುಂಬಿದಾಗ ಎರಡನೆಯ ಸಾಲು ಮಾಡಿದೆ. ನೀರು ಚೆಲ್ಲದ ಹಾಗೆ ಇಟ್ಟೆ. ನನ್ನ ಮುಖಕ್ಕೆ ಝಳ ಹೊಡೆಯುತ್ತಿತ್ತು. ಬಾಗಿಲು ನನ್ನಿಂದ ಏಳು ಹೆಜ್ಜೆ.

“ಇಪ್ಪತ್ನಾಕೂ ಆಯ್ತು. ಬಕೀಟ್ ಮುಗುದ್ವು ಕಣ್ರಲಾ” ಎಂದು ಬಾವಿಯ ಕಡೆಯಿಂದ ಲಿಂಗಣ್ಣ ಕೂಗಿದಾಗ ನಾನು ಮುಂದೆ ನೋಡಿದೆ. ನನ್ನ ಕಾಲ ಬಳಿ ಹನ್ನೊಂದು ಬಕೀಟು ತುಂಬಿ ನಿಂತಿದ್ದವು. ನೀರಿನಲ್ಲಿ ಬೆಂಕಿ ಕಾಣುತ್ತಿತ್ತು. ಎತ್ತುವವನು ಒಳಗಿದ್ದ.

ಆಗ ಸೂರು ಕುಸಿಯಿತು. ಜವರ ತಾಯಿಯನ್ನು ಎಳೆದುಕೊಂಡು ಹೊರಗೆ ಬಂದ. ಅವಳ ಸೀರೆಯನ್ನು ಕೈಯಿಂದಲೇ ಬಡಿದು ಬಡಿದು ಆರಿಸುತ್ತಿದ್ದ. ನಾನು ಒಂದು ಬಕೀಟು ಎತ್ತಿ ಓಡಿದೆ. ಅವಳ ಮೇಲೆ ಸುರಿದೆ. ಅವನು ತಲೆಯೆತ್ತಿ ನನ್ನ ಹಿಂದೆ ಸಾಲಾಗಿ ನಿಂತಿದ್ದ ಬಕೀಟುಗಳನ್ನು ನೋಡಿದ.

ಮುದುಕಿ ಸಂಜೆಯವರೆಗೆ ಇದ್ದು ಹೋದಳು.

ನಾಲ್ಕು ದಿನದ ಮೇಲೆ ತಾಲೀಮಿನ ಕೊನೆಯ ದಿನ ಬಂತು. ಸಾಹುಕಾರರು ಮಂಡಿಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಪಕ್ಕದ ಮೇಜಿನ ಮೇಲೆ ಬೆಲ್ಟುಗಳು. ನಾವು ಐವರು ಜಗಲಿಯ ಕೆಳಗೆ, ಜವರ ಅಂಗಳದ ಕೊನೆಯಲ್ಲಿ ಬಾವಿಯ ದಾರಿಯ ಹತ್ತಿರ. ಅವನ ಎರಡು ಕೈಗೂ ಬಾಳೆಲೆ ಸುತ್ತಿ ನಾರಿನಿಂದ ಕಟ್ಟಿದ್ದರು. ಎಲೆಯ ಸಂದಿನಿಂದ ಕೀವು ತೊಟ್ಟಿಕ್ಕುತ್ತಿತ್ತು.

“ಮರ ಉಳೀತು, ಶಿವನ ದಯೆ,” ಎಂದರು ಸಾಹುಕಾರರು. “ಅದಿರ್ಲಿ. ಕೇರಿಯೋರು ಏನೇನೋ ಮಾತಾಡ್ತಾವ್ರಂತೆ. ನೀರಿದ್ರೂ ಉಯ್ನಿಲ್ಲ ಅಂತ. ಇದು ಇತ್ಯರ್ಥ ಆಗ್ಲಿ. ಏನಯ್ಯಾ ರುದ್ರಸ್ವಾಮಿ, ನಿನ್ ತಾಲೀಮ್ನಾಗೆ ಜಾಗ ಬುಟ್ಟೋನ್ಗೆ ಏನು?”

“ಫೇಲು, ಯಜಮಾನ್ರೆ.”

“ಲೋ ಸಾಬಿ. ನೀನ್ ಅವನ ಪಕ್ಕ ಇದ್ದೋನು. ಜವರ ಜಾಗ ಬುಟ್ನೋ, ಇಲ್ವೋ? ಒಂದೇ ಮಾತು ಹೇಳು. ಕತೆ ಬ್ಯಾಡ.”

ಇವರ ಬಾವಿಯ ಮಡಿಯೂ ನನ್ನ ಕೈಯೂ ಸೇರಿ ಆ ಮುದುಕಿಯನ್ನು ಕೊಂದವು ಎಂದು ಹೇಳಬೇಕಾಗಿತ್ತು. ಮೇಜಿನ ಮೇಲೆ ಬೆಲ್ಟುಗಳ ಜೊತೆಗೆ ಕೋಣೆಯ ಬೀಗದ ಕೈಯೂ ಇತ್ತು. ತಾಜುನ್ನೀಸಾ ಆ ಬೆಳಿಗ್ಗೆಯೇ ಪಾತ್ರೆಗಳನ್ನು ಗೋಣಿಗೆ ತುಂಬಿ ಕಟ್ಟಿಟ್ಟಿದ್ದಳು.

“ಬಿಟ್ಟ, ಯಜಮಾನ್ರೆ” ಎಂದೆ.

“ಕೇಳುಸ್ತೇನ್ಲಾ ಜವರ?”

“ದಿಟವೇ ಯೋಳವ್ರೆ ಬುದ್ಧಿ,” ಎಂದ ಜವರ. ದನಿ ಏರಲಿಲ್ಲ. “ಬುಟ್ಟೆ. ಸಾಬ್ರುನ್ನೂ ಒಂದ್ ಮಾತ್ ಕೇಳಿ. ಅವ್ರು ಯಾಕ್ ಬುಡ್ನಿಲ್ಲ ಅಂತ.”

ಯಾರೂ ಕೇಳಲಿಲ್ಲ. ಸಾಹುಕಾರರು, “ಅಂಗಿ ಬಿಚ್ಚಿಟ್ಟು ಹೋಗು” ಎಂದರು.

ಆ ಕೈಗಳಿಂದ ಅವನು ಗುಂಡಿ ಬಿಚ್ಚುವುದು ಹೇಗೆ? ಒಂದು ಗುಂಡಿಯನ್ನು ಹಲ್ಲಿನಿಂದ ಕಚ್ಚಿ ನೋಡಿದ. ಆಗಲಿಲ್ಲ. ಆಮೇಲೆ ತಿರುಗಿ, ಅವಸರವಿಲ್ಲದೆ, ಬಾವಿಯ ಕಡೆ ನಡೆದ. ಕಟ್ಟೆ ಹತ್ತಿದ. ಗುಡಿಗೆಂದು ಆಗ ತಾನೇ ಸೇದಿ, ಹಗ್ಗವನ್ನೂ ಬಿಚ್ಚದೆ ಕಟ್ಟೆಯ ಅಂಚಿನ ಮೇಲಿಟ್ಟಿದ್ದ ಕೊಡವೊಂದಿತ್ತು. ಬಾಯಿ ಅಗಲವಾದ ತಾಮ್ರದ ಕೊಡ. ಅದರ ಪಕ್ಕದಲ್ಲಿ ಕುಳಿತು ಎರಡೂ ಕೈಗಳನ್ನು ಎಲೆ ಸಮೇತ ನೀರಿನೊಳಗೆ ಇಳಿಬಿಟ್ಟ. ಕಣ್ಣು ಮುಚ್ಚಿಕೊಂಡ.



“ಎಳೀರೋ ಅವನ್ನ” ಎಂದು ಸಾಹುಕಾರರು ಎದ್ದು ನಿಂತರು.

ಬಸವರಾಜು ಎರಡು ಹೆಜ್ಜೆ ಹೋಗಿ ನಿಂತ. ಲಿಂಗಣ್ಣ ಅವನ ಮುಖ ನೋಡಿದ. ಎಳೆಯಬೇಕಾದರೆ ಮುಟ್ಟಬೇಕು. ಹವಾಲ್ದಾರ ಬೆತ್ತ ಎತ್ತಿದ, ಆದರೆ ಗುಡಿಯ ಕೊಡಕ್ಕೆ ತಗುಲೀತೆಂದು ಹಾಗೆಯೇ ಇಳಿಸಿದ. ಜವರ ಕಣ್ಣು ತೆರೆಯಲಿಲ್ಲ.

“ಸಾಬಿ,” ಎಂದರು ಸಾಹುಕಾರರು. “ನಿಮಗೆ ಮಡಿ ಇಲ್ವಲ್ಲ. ನೀನ್ ಎಳಿ.”

ಮನೆಯಲ್ಲಿ ನಾನು ಈ ಸಂಗತಿಯನ್ನು ಬೇರೆ ರೀತಿ ಹೇಳಿದ್ದೇನೆ. ಎಳೆಯಲಾರೆ ಎಂದು ನಿಂತೆ ಎಂದು ಹೆಂಡತಿಗೆ ಹೇಳಿದೆ, ಮಕ್ಕಳಿಗೆ ಹೇಳಿದೆ. ತಾಜುನ್ನೀಸಾ ಅದನ್ನೇ ನಂಬಿಕೊಂಡು ಮಣ್ಣಿಗೆ ಹೋದಳು. ಇನ್ನು ಯಾರಿಗೆ ಹೆದರಲಿ? ನಾನು ಎಳೆದೆ. ಕಟ್ಟೆ ಹತ್ತಿ ಅವನ ಎರಡು ತೋಳಿನ ಕೆಳಗೆ ಕೈ ಹಾಕಿದೆ. ಮೈ ಜ್ವರದಿಂದ ಸುಡುತ್ತಿತ್ತು. ತೊಂಬತ್ತು ದಿನ ಒಂದೇ ಸಾಲಿನಲ್ಲಿ ನಿಂತಿದ್ದರೂ ನಾನು ಅವನನ್ನು ಮುಟ್ಟಿದ್ದು ಅದೇ ಮೊದಲು.

“ಇದಕ್ಕಾದ್ರೂ ಕೈ ಬಂತಲ್ಲ ಸಾಬ್ರೆ” ಎಂದ, ನನಗೆ ಮಾತ್ರ ಕೇಳುವಂತೆ.

ಅವನು ಕೊಸರಾಡಲಿಲ್ಲ. ಏಳುತ್ತಾ ಏಳುತ್ತಾ ಮೊಣಕಾಲಿನಿಂದ ಕೊಡವನ್ನು ಬಾವಿಯ ಕಡೆಗೆ ನೂಕಿದ. ಅವನ ಕೀವು, ಅವನ ಕೈಯ ತೊಗಲು, ಬಾಳೆಲೆ ಎಲ್ಲ ಸೇರಿ ಕೊಡ ಒಳಗೆ ಉರುಳಿತು. ರಾಟೆ ಗಡಗಡನೆ ತಿರುಗಿ, ಕೆಳಗೆ ದೊಡ್ಡದೊಂದು ಸದ್ದಾಯಿತು.

ಹವಾಲ್ದಾರನ ಬೆತ್ತ ಆಗ ಕೆಲಸ ಮಾಡಿತು. ನಾನು ಹಿಡಿದುಕೊಂಡೇ ಇದ್ದೆ. ಗೋಡೆಯ ಕಂಡಿಯಿಂದ ಅವನನ್ನು ಆಚೆ ನೂಕಿದರು. ಜವರ ಆ ವಾರವೇ ಕೇರಿ ಬಿಟ್ಟು ಎಚ್.ಡಿ. ಕೋಟೆಯ ಕಡೆ ಹೋದನೆಂದು ಕೇಳಿದೆ. ಆ ಕೈಗಳು ಮತ್ತೆ ಮುಷ್ಟಿ ಕಟ್ಟಿದವೋ ಇಲ್ಲವೋ ತಿಳಿಯದು.

ಬಾವಿ ಕೆಟ್ಟಿತು ಎಂದು ಗುಡಿಯ ಅಯ್ಯನವರು ಹೇಳಿದರು. ಇದ್ದ ನೀರನ್ನೆಲ್ಲ ತೋಡಿ ಹೊರಗೆ ಚೆಲ್ಲಬೇಕು, ಆಮೇಲೆ ಶುದ್ಧಿ. ಮಾರನೆಯ ದಿನ ಬೆಳಗಾಗುತ್ತಲೇ ನಾವು ಐವರೂ ಹೊಸ ಬೆಲ್ಟು ಕಟ್ಟಿಕೊಂಡು ಸಾಲು ನಿಂತೆವು. ಕಾಯಂ ಆದ ಮೇಲೆ ನಾವು ಮಾಡಿದ ಮೊದಲ ಕೆಲಸ ಅದು. ಇಪ್ಪತ್ತನಾಲ್ಕು ಬಕೀಟು ಕೈಯಿಂದ ಕೈಗೆ ಬಂತು, ತಿರುಗಿ ಹೋಯಿತು, ಮತ್ತೆ ಬಂತು. ಕೊನೆಯಲ್ಲಿ ನಾನಿದ್ದೆ. ಕಂಡಿಯ ಹತ್ತಿರ ನಿಂತು ಆಚೆಗೆ ಸುರಿಯುತ್ತಿದ್ದೆ. ನೀರು ತೊಗಟೆಯ ಕರಿಯ ಮೇಲೆ ಹರಿದು, ಜವರನ ಗುಡಿಸಲಿದ್ದ ಜಾಗವನ್ನು ಸುತ್ತಿ, ಕೇರಿಯ ಓಣಿಗೆ ಇಳಿಯಿತು. ಮಧ್ಯಾಹ್ನವಾದರೂ ಬಾವಿಯ ತಳ ಕಾಣಲಿಲ್ಲ. ಬೇಸಿಗೆಯಲ್ಲಿಯೂ ಅದರಲ್ಲಿ ಅಷ್ಟು ನೀರಿತ್ತು.

ಕೇರಿಯ ಹೆಂಗಸರು ಬಂದು ನಿಂತು ನೋಡಿದರು. ಇಬ್ಬರು ಮೂವರು ಮಡಕೆ ತಂದು, ಹರಿಯುವ ನೀರಿಗೆ ಒಡ್ಡಿ ತುಂಬಿಕೊಂಡರು. ಅವರ ನಡುವೆ ಒಬ್ಬ ಮುದುಕಿ ಉರಿದ ತೊಲೆಯ ಮೇಲೆ ಕುಳಿತು ಎಲೆಯಡಿಕೆ ಅಗಿಯುತ್ತಿದ್ದಳು. ನನ್ನನ್ನೂ ನನ್ನ ಸೊಂಟದ ಬಿಲ್ಲೆಯನ್ನೂ ಒಮ್ಮೆ ನೋಡಿದಳು.

“ಉಯ್ಯಪ್ಪಾ, ಉಯ್ಯಿ,” ಎಂದಳು. “ಬೂದಿ ಇನ್ನೂವೆ ಬಿಸಿ ಅದೆ.”

ಹಿಂದಿನಿಂದ ಬಕೀಟು ಬಂತು. ತೆಗೆದುಕೊಂಡು ಸುರಿದೆ.